ಗುರುತು ಸಿಕ್ತಾ?



ಮೂರು ವರ್ಷದ ಹಿಂದೆ, ಗೌರಿ ಹಬ್ಬದ ಹಿಂದಿನ ದಿನ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ವೀಳ್ಯದೆಲೆ ಕೊಳ್ಳುತ್ತ ನಿಂತಿದ್ದೆ. ಹೂವಿನವರ ಕೂಗು, ಬಾಳೆಕಂದಿನ ರಾಶಿ, ಕಾಲಡಿ ಕೆಸರು. ಅಷ್ಟರಲ್ಲಿ ಜನರ ನಡುವೆ ನುಸುಳಿಕೊಂಡು ಬಂದ ಒಬ್ಬರು ಬಗ್ಗಿ ನನ್ನ ಕಾಲು ಮುಟ್ಟಿದರು. ನಲವತ್ತು ದಾಟಿದ ಗಂಡಸು. ಒಂದು ಕೈಯಲ್ಲಿ ಹೆಲ್ಮೆಟ್ಟು, ಇನ್ನೊಂದರಲ್ಲಿ ಸೇವಂತಿಗೆ ಹಾರ. ಮುಖದ ತುಂಬ ನಗು. "ಗುರುತು ಸಿಕ್ತಾ ಮೇಡಂ?" ಅಂದರು.

ಸಿಗಲಿಲ್ಲ. ನಾನು 34 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು. ವರ್ಷಕ್ಕೆ 200 ಹೊಸ ಮಕ್ಕಳು ಅಂತ ಹಿಡಿದರೂ 6,800 ಮುಖಗಳಾದವು. ಆ ಮುಖಗಳಿಗೆಲ್ಲ ಮೀಸೆ ಬಂದಿದೆ, ಕನ್ನಡಕ ಬಂದಿದೆ, ತಲೆ ನರೆಯುತ್ತಿದೆ. "ಮುಖ ಗೊತ್ತಿದೆಯಪ್ಪ, ಹೆಸರು ನೆನಪಾಗ್ತಿಲ್ಲ" ಅಂದೆ. ನಿಜವಾಗಿ ಮುಖವೂ ಗೊತ್ತಿರಲಿಲ್ಲ. ಅವರು ತಮ್ಮ ಹೆಸರು ಹೇಳಿದರು, ಬ್ಯಾಚು ಹೇಳಿದರು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ನಮ್ಮ ಮನೆ ಎಮ್ಮೆ ಕರು ಹಾಕಿದ್ದರ ಬಗ್ಗೆ ಪ್ರಬಂಧ ಬರೆದಿದ್ದೆ ಮೇಡಂ. ನೀವು ಅದನ್ನ ಇಡೀ ಕ್ಲಾಸಿಗೆ ಓದಿ ಹೇಳಿದ್ರಿ" ಅಂದರು. ಅದೂ ನನಗೆ ನೆನಪಿಲ್ಲ. ಅವರ ನಗು ಎಲ್ಲಿಗೂ ಹೋಗಲಿಲ್ಲ, ಆದರೆ ಅದರೊಳಗಿನ ದೀಪ ಸಣ್ಣದಾದದ್ದು ನನಗೆ ಕಂಡಿತು. ಇಪ್ಪತ್ತೈದು ವರ್ಷ ಅವರು ಜೋಪಾನವಾಗಿ ಇಟ್ಟುಕೊಂಡಿದ್ದ ಒಂದು ದಿನ ನನ್ನ ಬಳಿ ಇರಲೇ ಇಲ್ಲ.

ಮನೆಗೆ ಬಂದು ಎಲೆ ತೊಳೆದು ಒದ್ದೆ ಬಟ್ಟೆಯಲ್ಲಿ ಸುತ್ತಿಡುವಾಗಲೂ ಅದೇ ಯೋಚನೆ. ನಾನೊಬ್ಬ ಸಾಮಾನ್ಯ ಮೇಷ್ಟ್ರಮ್ಮ. ವರ್ಷಕ್ಕೆ ನಾಲ್ಕೋ ಐದೋ ಸಲ ಈ ಪ್ರಶ್ನೆ ನನ್ನೆದುರು ಬಂದು ನಿಲ್ಲುತ್ತದೆ. ನಾಡಿಗೆ ನಾಡೇ ಬಲ್ಲ ಒಬ್ಬ ನಟರಿಗೆ, ಗಾಯಕರಿಗೆ, ಕ್ರಿಕೆಟ್ ಆಟಗಾರರಿಗೆ ಇದು ದಿನಕ್ಕೆ ನೂರು ಸಲ ಬರುತ್ತದೆ. ಎದುರು ಬಂದವರು ಬಾಯಿ ಬಿಟ್ಟು ಕೇಳದೆ ಇರಬಹುದು. ಆದರೆ ಅಭಿಮಾನಿಯ ಕಣ್ಣಲ್ಲಿ ಇರುವ ಮಾತು ಅದೇ: ನಾನು ನಿಮ್ಮನ್ನು ಇಷ್ಟು ವರ್ಷದಿಂದ ಬಲ್ಲೆ, ನಿಮಗೆ ನನ್ನ ಗುರುತು ಸಿಕ್ತಾ?

ಇದೇ ಪ್ರಶ್ನೆ ಹೊತ್ತು ನಾನೂ ಒಬ್ಬರ ಮುಂದೆ ನಿಂತಿದ್ದೆ. 1974. ಪಿಯುಸಿ ಓದುತ್ತಿದ್ದೆ. ಒಬ್ಬ ದೊಡ್ಡ ಗಾಯಕರ ಕಛೇರಿ. ಅವರ ಹೆಸರು ಇಲ್ಲಿ ಬೇಡ. ಅವರ ಹಾಡನ್ನು ರೇಡಿಯೋದಲ್ಲಿ ಕೇಳಿ ಕೇಳಿ ಪಲ್ಲವಿಯಿಂದ ಕೊನೆಯವರೆಗೂ ಬಾಯಿಪಾಠ ಮಾಡಿಕೊಂಡಿದ್ದೆ. ಕೆಂಪು ರೆಕ್ಸಿನ್ ಹೊದಿಕೆಯ ಪುಟ್ಟ ಆಟೋಗ್ರಾಫ್ ಪುಸ್ತಕ, ಅಣ್ಣನ ಹತ್ತಿರ ಸಾಲ ತಂದ ಪೆನ್ನು. ಕಛೇರಿ ಮುಗಿದ ಮೇಲೆ ಹಿಂಬಾಗಿಲ ಬಳಿ ಮುಕ್ಕಾಲು ಗಂಟೆ ಕಾದೆ. ಅವರು ಬಂದರು. ನಾನು ಪುಸ್ತಕ ಚಾಚಿದೆ. ಬಾಗಿಲಿನ ಪರದೆ ಸರಿಸುವ ಹಾಗೆ, ಅಂಗೈಯ ಹಿಂಬದಿಯಿಂದ ಆ ಪುಸ್ತಕವನ್ನು ಸರಿಸಿದರು. "ಕಾರೆಲ್ಲಿ?" ಅಂತ ಯಾರನ್ನೋ ಕೇಳಿದರು. ಪೆನ್ನು ಕೆಳಗೆ ಬಿತ್ತು, ನಿಬ್ಬು ಬಗ್ಗಿತು. ಅವರು ನನ್ನನ್ನು ನೋಡಲೇ ಇಲ್ಲ.

ಆಮೇಲೆ ಎಷ್ಟೋ ವರ್ಷ ರೇಡಿಯೋದಲ್ಲಿ ಅವರ ದನಿ ಬಂದರೆ ಎದ್ದು ಹೋಗಿ ಆರಿಸುತ್ತಿದ್ದೆ. ಅಪ್ಪ "ಯಾಕಮ್ಮಾ, ಚೆನ್ನಾಗಿ ಹಾಡ್ತಿದಾರಲ್ಲ" ಅನ್ನುತ್ತಿದ್ದರು. ನಾನು ಉತ್ತರ ಕೊಡುತ್ತಿರಲಿಲ್ಲ.

ಮಾರುಕಟ್ಟೆಯ ಆ ದಿನದ ನಂತರ ಆ ಗಾಯಕರನ್ನು ಕ್ಷಮಿಸಿದೆ ಅಂತ ನಾನು ಹೇಳುವುದಿಲ್ಲ. ಅವರು ಮಾಡಿದ್ದು ತಪ್ಪೇ. ಆದರೆ ಎರಡು ಸಂಗತಿಗಳನ್ನು ಬೇರೆ ಬೇರೆ ಮಾಡಿ ನೋಡುವುದು ಆ ದಿನ ನನಗೆ ಸಾಧ್ಯವಾಯಿತು. ಗುರುತು ಸಿಗದಿರುವುದು ಬೇರೆ, ಕಣ್ಣೆತ್ತಿ ನೋಡದಿರುವುದು ಬೇರೆ. ಮೊದಲನೆಯದು ಯಾರ ಕೈಯಲ್ಲೂ ಇಲ್ಲ. ಸಾವಿರಾರು ಜನರ ಗುರುತು ಇಟ್ಟುಕೊಳ್ಳುವ ತಲೆ ಯಾರಿಗೂ ಇಲ್ಲ. ಎರಡನೆಯದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಇವತ್ತಿನ ನನ್ನ ಮಾತೆಲ್ಲ ಈ ಎರಡರ ನಡುವಿನ ಜಾಗದ ಬಗ್ಗೆ.

ಕನ್ನಡದಲ್ಲಿ ಅಭಿಮಾನಿಗಳ ಮಾತು ತೆಗೆದರೆ ಡಾ. ರಾಜ್‌ಕುಮಾರ್ ಅವರಿಂದಲೇ ಶುರುವಾಗಬೇಕು. "ಅಭಿಮಾನಿ ದೇವರುಗಳು" ಅನ್ನುವ ಸಂಬೋಧನೆಯನ್ನು ನಮ್ಮ ಕಿವಿಗೆ ಹಾಕಿದವರು ಅವರು. ಇವತ್ತು ಆ ಮಾತನ್ನು ಯಾರು ಬೇಕಾದರೂ ವೇದಿಕೆ ಮೇಲೆ ಹೇಳುತ್ತಾರೆ. ಕೇಳಿ ಕೇಳಿ ಸವೆದ ನಾಣ್ಯದ ಹಾಗಾಗಿದೆ. ಅವರ ಬಾಯಲ್ಲಿ ಅದು ಎಲ್ಲಿಂದ ಬಂತು ಅಂತ ನೋಡಿದರೆ ಆ ನಾಣ್ಯದ ಮೇಲಿನ ಅಚ್ಚು ಮತ್ತೆ ಕಾಣುತ್ತದೆ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ ಹೆಸರಾಂತ ನಟರು. ಮುಂದೆ ರಾಜ್‌ಕುಮಾರ್ ಆದ ಮುತ್ತುರಾಜ ಎಂಬ ಹುಡುಗ ಬೆಳೆದದ್ದೇ ಆ ಕಂಪನಿಯ ನೆರಳಲ್ಲಿ. ವೃತ್ತಿ ನಾಟಕದ ಕಂಪನಿ ಅಂದರೆ ಊರೂರಿಗೆ ಕ್ಯಾಂಪು. ರಾತ್ರಿ ಕಲೆಕ್ಷನ್ ಆದರೆ ಬೆಳಗ್ಗೆ ಕಂಪನಿಯ ಒಲೆ ಹೊತ್ತುತ್ತದೆ. ಮಳೆ ಬಂದು ಜನ ಬಾರದೆ ಹೋದರೆ ಅವತ್ತಿನ ಊಟ ತೆಳ್ಳಗೆ. ಪ್ರೇಕ್ಷಕರನ್ನು "ಪ್ರಭುಗಳೇ" ಅಂತ ಕರೆಯುವುದು ಅಲ್ಲಿ ಬರೀ ಅಲಂಕಾರದ ಮಾತಾಗಿರಲಿಲ್ಲ. ಟಿಕೆಟ್ಟಿನ ಕಾಸು ಅನ್ನವಾಗಿ ತಟ್ಟೆಗೆ ಬರುವುದನ್ನು ದಿನಾ ಕಣ್ಣಾರೆ ಕಂಡವರು ಆಡುತ್ತಿದ್ದ ಮಾತು. ಅದಕ್ಕಿಂತ ದೊಡ್ಡದೊಂದಿದೆ. ರಂಗದ ಮೇಲಿನ ನಟನಿಗೆ ಎದುರಿಗೆ ಕೂತವರ ಮುಖ ಕಾಣುತ್ತದೆ. ಚಾಪೆಯ ಮೇಲೆ ಕೂತ ಅಜ್ಜಿ ಎಲ್ಲಿ ಸೆರಗಿನಿಂದ ಕಣ್ಣೊರಸಿಕೊಂಡಳು, ಹಿಂದಿನ ಬೆಂಚಿನವರು ಎಲ್ಲಿ ಆಕಳಿಸಿದರು, ಎಲ್ಲವೂ ಕಾಣುತ್ತದೆ. ನಟ ಮತ್ತು ಪ್ರೇಕ್ಷಕ ಒಬ್ಬರನ್ನೊಬ್ಬರು ನೋಡುತ್ತಾರೆ.

ಸಿನಿಮಾ ಬಂದು ಈ ನೋಟವನ್ನು ಒಂದೇ ಕಡೆಯದು ಮಾಡಿತು. 1954ರಲ್ಲಿ 'ಬೇಡರ ಕಣ್ಣಪ್ಪ' ತೆರೆಗೆ ಬಂದಾಗ ಲಕ್ಷಾಂತರ ಜನ ರಾಜ್‌ಕುಮಾರ್ ಅವರನ್ನು ನೋಡಿದರು. ರಾಜ್‌ಕುಮಾರ್ ಅವರಿಗೆ ಆ ಜನರಲ್ಲಿ ಒಬ್ಬರೂ ಕಾಣಲಿಲ್ಲ. ಪರದೆಯಲ್ಲಿರುವ ಮನುಷ್ಯನಿಗೆ ಕತ್ತಲಲ್ಲಿ ಕೂತ ನಾವು ಯಾರೆಂದು ಹೇಗೆ ತಿಳಿಯಬೇಕು? ಕಂಪನಿ ನಾಟಕದಲ್ಲಿ ಬೆಳೆದ ಆ ಮನುಷ್ಯ ಬದುಕಿನ ಕೊನೆಯವರೆಗೂ ಆ ಕತ್ತಲಿನ ಕಡೆಗೆ ಕೈ ಮುಗಿದುಕೊಂಡೇ ಇದ್ದರು ಅಂತ ನನಗೆ ಅನ್ನಿಸುತ್ತದೆ. ಕಾಣದವರಿಗೆ ನಾವು ಕೊಡುವ ಹೆಸರು ದೇವರು. ಅವರೂ ಅದನ್ನೇ ಕೊಟ್ಟರು.

ಇನ್ನೊಂದು ಸಂಗತಿ ನೆನೆದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತದೆ. ಅವರನ್ನು ನಾಯಕನಟರನ್ನಾಗಿ ಮಾಡಿದ ಪಾತ್ರ ಕಣ್ಣಪ್ಪನದು. ದೇವರಿಗೆ ಕಣ್ಣು ಕಿತ್ತುಕೊಟ್ಟ ಬೇಡನದು. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರಬ್ಯಾಂಕು ಆರಂಭವಾದಾಗ ಅವರು ತಮ್ಮ ಕಣ್ಣುಗಳನ್ನು ದಾನ ಮಾಡುವುದಾಗಿ ಮಾತು ಕೊಟ್ಟರು. 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಆ ಮಾತು ನಡೆಯಿತು. ಯಾರನ್ನು ದೇವರು ಅಂತ ಕರೆದಿದ್ದರೋ ಅವರಿಗೇ ಆ ಕಣ್ಣುಗಳು ಹೋದವು. 2021ರ ಅಕ್ಟೋಬರ್ 29ರಂದು ಅವರ ಮಗ, ನಟ ಪುನೀತ್ ತೀರಿಕೊಂಡಾಗಲೂ ಹಾಗೆಯೇ ಆಯಿತು. ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆಮೇಲಿನ ದಿನಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸಲು ಜನ ಮುಗಿಬಿದ್ದರು.

ಎಲ್ಲರ ಅಪ್ಪು ಆಗಿದ್ದ ಪುನೀತ್ ಅವರನ್ನು ನಾನು ಒಮ್ಮೆಯೂ ಹತ್ತಿರದಿಂದ ನೋಡಿದವಳಲ್ಲ. ಆದರೆ ಆ ನವೆಂಬರ್ ತಿಂಗಳಲ್ಲಿ ನಮ್ಮ ಬಡಾವಣೆಯಲ್ಲಿ ಒಂದು ವಿಷಯ ಗಮನಿಸಿದೆ. ಇಸ್ತ್ರಿ ಅಂಗಡಿಯವರು, ಎಳನೀರಿನವರು, ಟೈರಿಗೆ ಪಂಕ್ಚರ್ ಹಾಕುವ ಹುಡುಗ, ಅವರವರ ಮೊಬೈಲಿನಿಂದ ಹುಡುಕಿ ತೆಗೆದ ಒಂದು ಫೋಟೊವನ್ನು ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ಬರೀ ಅಪ್ಪು ಫೋಟೊ ಅಲ್ಲ, ಅಪ್ಪು ಜೊತೆ ತಾವು ನಿಂತದ್ದು. ಪಂಕ್ಚರ್ ಅಂಗಡಿಯ ಹುಡುಗನನ್ನು "ಏನಂದ್ರಪ್ಪ ಅವರು ನಿನಗೆ?" ಅಂತ ಕೇಳಿದೆ. "ಯಾವೂರು ಅಂದ್ರು ಅಮ್ಮಾ. ಊಟ ಆಯ್ತಾ ಅಂದ್ರು." ಅಷ್ಟೇ. ಅಷ್ಟನ್ನು ಹೇಳುವಾಗ ಅವನ ಗಂಟಲು ಕಟ್ಟಿತು.

ಯಾವೂರು, ಊಟ ಆಯ್ತಾ. ನಮ್ಮಲ್ಲಿ ಯಾರನ್ನಾದರೂ ಮೊದಲ ಸಲ ಕಂಡಾಗ ಕೇಳುವ ಎರಡು ಮಾತು. ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಕೇಳುತ್ತೇವೆ. ಗುರುತು ಇಲ್ಲದವರ ಗುರುತು ಹಿಡಿಯಲು ನಮ್ಮ ಹಿರಿಯರು ಮಾಡಿಟ್ಟ ದಾರಿ ಅದು. "ನನ್ನ ಗುರುತು ಸಿಕ್ತಾ" ಅನ್ನುವ ಕಣ್ಣಿಗೆ "ಸಿಗಲಿಲ್ಲ, ಆದರೆ ಹೇಳು, ಕೇಳುತ್ತೇನೆ" ಅಂತ ಉತ್ತರ ಕೊಡುವ ಬಗೆ ಇದು. ಸ್ನೇಹದ ತಾರೆ ಅಂತ ಜನ ಯಾರನ್ನು ಕರೆಯುತ್ತಾರೋ ಅವರೆಲ್ಲ ಮಾಡಿದ್ದು ಬಹುಮಟ್ಟಿಗೆ ಇಷ್ಟೇ. ಎದುರಿನವರನ್ನು ಒಂದು ಪ್ರಶ್ನೆ ಕೇಳಿದರು, ಉತ್ತರ ಬರುವ ತನಕ ನಿಂತರು. ದಿನದ ಕೊನೆಗೆ, ಮೈ ಸೋತಿರುವಾಗ, ನೂರನೆಯವನಿಗೂ ಅದನ್ನೇ ಕೇಳುವುದು ಸುಲಭವಲ್ಲ. ಅದನ್ನು ಹುಟ್ಟುಗುಣ ಅಂತ ಹೇಳಿ ಅವರ ಶ್ರಮವನ್ನು ಸಣ್ಣದು ಮಾಡಬಾರದು.

ಹಾಗಾದರೆ ಅಭಿಮಾನಿಗೆ ಬಾಗಿಲು ತೆಗೆಯದವರು? ಅವರ ಬಗ್ಗೆ ಸ್ವಲ್ಪ ಹೊತ್ತು ನಿಲ್ಲೋಣ. ಯಾಕೆಂದರೆ ಅವರ ಬಗ್ಗೆ ನಾವು ಬೇಗ ತೀರ್ಪು ಕೊಡುತ್ತೇವೆ.

ನಮ್ಮ ಸಾಹಿತಿಗಳಲ್ಲಿ ಶಿವರಾಮ ಕಾರಂತರಿಗೆ ಸಿಡುಕಿನವರು ಅನ್ನುವ ಹೆಸರಿತ್ತು. ಹೊತ್ತಿಗೆ ಸರಿಯಾಗಿ ಸಭೆ ಶುರು ಮಾಡದ ಸಂಘಟಕರು ಅವರ ಮಾತಿನ ಬಿಸಿ ತಿಂದಿದ್ದಾರೆ. ಅದೇ ಕಾರಂತರು ಓದುಗರ ಪತ್ರಗಳಿಗೆ ಸ್ವಂತ ಕೈಯಿಂದ ಕಾರ್ಡಿನಲ್ಲಿ ಉತ್ತರ ಬರೆಯುತ್ತಿದ್ದರು. ನಾಲ್ಕೇ ಸಾಲು, ಉಪಚಾರವಿಲ್ಲ, ಆದರೆ ಕೇಳಿದ್ದಕ್ಕೆ ಉತ್ತರ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಹತ್ತಿರ 'ನಿರುತ್ತರ' ಅಂತ ಹೆಸರಿಟ್ಟ ತೋಟದಲ್ಲಿದ್ದರು. ಅವರ 'ಕರ್ವಾಲೊ' ಕಾದಂಬರಿ ಓದಿದ ಹುಡುಗರು ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಹಾರ, ಶಾಲು, ಸನ್ಮಾನ ಅವರಿಗೆ ಆಗುತ್ತಿರಲಿಲ್ಲ. ಸುಮ್ಮನೆ ದರ್ಶನಕ್ಕೆ ಬಂದವರ ಜೊತೆ ಹೊತ್ತು ಕಳೆಯುವುದೂ ಬೇಕಿರಲಿಲ್ಲ. ಆದರೆ ಒಂದು ಹಕ್ಕಿಯ ಮಾತು, ಮೀನು ಹಿಡಿಯುವ ಮಾತು, ಕ್ಯಾಮೆರಾದ ಮಾತು, ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ಮಾತು ತೆಗೆದವರಿಗೆ ಅವರು ಬೇರೆಯೇ ಮನುಷ್ಯರಾಗಿ ಸಿಗುತ್ತಿದ್ದರು ಅಂತ ಅವರನ್ನು ಬಲ್ಲವರು ಬರೆದಿದ್ದಾರೆ. ಪೂಜೆಗೆ ಬಾಗಿಲು ಹಾಕಿ, ಮಾತಿಗೆ ತೆರೆದಿಟ್ಟವರು ಅವರು. ಹೊರಗೆ ನಿಂತವರಿಗೆ ಕಾಣುವುದು ಹಾಕಿದ ಬಾಗಿಲು ಮಾತ್ರ.

ದೂರದ ಒಂದು ಉದಾಹರಣೆಯನ್ನೂ ಹೇಳಬೇಕು. ಅಮೆರಿಕದ ಬಾಸ್ಟನ್ ನಗರದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಬಿಲ್ ರಸೆಲ್ ಅಂತ ಒಬ್ಬ ಆಟಗಾರರಿದ್ದರು. 13 ವರ್ಷ ಆಡಿ 11 ಸಲ ತಂಡವನ್ನು ಚಾಂಪಿಯನ್ ಮಾಡಿದವರು. ಕಪ್ಪು ಜನಾಂಗದವರು. ಅಂಗಳದಲ್ಲಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಅದೇ ಕಾಲದಲ್ಲಿ ಅವರು ಮನೆ ಮಾಡಿಕೊಂಡಿದ್ದ ಪಟ್ಟಣದಲ್ಲಿ ಯಾರೋ ಆ ಮನೆಯೊಳಗೆ ನುಗ್ಗಿ, ವಸ್ತುಗಳನ್ನು ಒಡೆದು, ಮಲಗುವ ಹಾಸಿಗೆಯನ್ನೂ ಹೊಲಸು ಮಾಡಿ ಹೋದರು. ರಸೆಲ್ 1964ರಿಂದ ಆಟೋಗ್ರಾಫ್ ಕೊಡುವುದನ್ನೇ ನಿಲ್ಲಿಸಿದರು. ಮಕ್ಕಳು ಕೇಳಿದರೂ ಇಲ್ಲ. ಸೊಕ್ಕಿನವರು ಅನ್ನುವ ಹೆಸರು ಬಂತು. ಆದರೆ ಅವರು ಆಟೋಗ್ರಾಫಿನ ಬದಲು ಕೈ ಕುಲುಕೋಣ, ಕೂತು ಎರಡು ಮಾತಾಡೋಣ ಅನ್ನುತ್ತಿದ್ದರು. ಜನರಿಗೆ ಬೇಕಾಗಿದ್ದದ್ದು ಕಾಗದದ ಮೇಲೆ ಹೆಸರು. ಅವರು ಕೊಡಲು ಬಂದದ್ದು ಹೊತ್ತು. 1972ರಲ್ಲಿ ಅವರ 6ನೇ ನಂಬರಿನ ಅಂಗಿಯನ್ನು ಗೌರವದಿಂದ ಮೇಲಕ್ಕೇರಿಸುವ ಸಮಾರಂಭ ನಡೆದಾಗ, ಪ್ರೇಕ್ಷಕರನ್ನು ಒಳಗೆ ಬಿಡುವ ಮೊದಲೇ, ಖಾಲಿ ಕ್ರೀಡಾಂಗಣದಲ್ಲಿ, ಜೊತೆ ಆಡಿದವರ ಎದುರು ಮಾತ್ರ ಮಾಡಬೇಕು ಅಂತ ಹಟ ಹಿಡಿದರು. ಅದೇ ಊರಿನಲ್ಲಿ 1999ರಲ್ಲಿ ಆ ಗೌರವ ಎರಡನೆಯ ಸಲ ನಡೆಯಿತು. ಈ ಸಲ ತುಂಬಿದ ಸಭೆ. ಜನ ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ನಡುವೆ 27 ವರ್ಷ ಕಳೆದಿದ್ದವು.

ರಸೆಲ್ ಅವರ ಕತೆ ಓದಿದಾಗ ನನ್ನ ಕೆಂಪು ಪುಸ್ತಕ ನೆನಪಾಯಿತು. ಆ ರಾತ್ರಿ ಗಾಯಕರು ಸಹಿ ಮಾಡದೆ, "ಇದು ಬೇಡಮ್ಮ, ಯಾವ ಹಾಡು ಇಷ್ಟ ಹೇಳು" ಅಂದಿದ್ದರೆ? ಖಾಲಿ ಪುಸ್ತಕ ಹಿಡಿದು ಮನೆಯವರೆಗೆ ಓಡುತ್ತಲೇ ಹೋಗುತ್ತಿದ್ದೆ.

ಹೆಸರಾಂತವರ ಭಯವೂ ಸುಳ್ಳಲ್ಲ. 1980ರ ಡಿಸೆಂಬರ್ 8ರ ಸಂಜೆ ನ್ಯೂಯಾರ್ಕಿನಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್ ತಮ್ಮ ಮನೆಯಿಂದ ಹೊರಗೆ ಬಂದಾಗ ಒಬ್ಬ ಯುವಕ ಅವರ ಹೊಸ ಗಾನಮುದ್ರಿಕೆಯನ್ನು ಮುಂದೆ ಹಿಡಿದ. ಲೆನನ್ ಸಹಿ ಹಾಕಿಕೊಟ್ಟರು. ಅದೇ ರಾತ್ರಿ ಅವರು ಹಿಂತಿರುಗುವ ತನಕ ಅವನು ಅಲ್ಲೇ ಕಾದಿದ್ದ, ಅದೇ ಬಾಗಿಲ ಬಳಿ ಗುಂಡು ಹಾರಿಸಿ ಕೊಂದ. ಅವತ್ತಿನಿಂದ ಲೋಕದ ಯಾವ ಕಲಾವಿದರೂ ಎದುರಿಗೆ ಚಾಚಿದ ಕೈಯನ್ನು ಪೂರ್ತಿ ನಿರ್ಭಯವಾಗಿ ನೋಡಿರಲಾರರು. ಸುತ್ತ ಕಟ್ಟುಮಸ್ತಾದ ಹುಡುಗರನ್ನು ನಿಲ್ಲಿಸಿಕೊಂಡು ನಡೆಯುವ ನಟರನ್ನು ಕಂಡು ನಾವು ಬೇಸರ ಪಡುತ್ತೇವೆ. ಆ ಹುಡುಗರು ಅಭಿಮಾನಿಯ ಎದೆಗೆ ಕೈ ಹಾಕಿ ತಳ್ಳುವುದನ್ನು ನಾನು ಒಪ್ಪುವುದಿಲ್ಲ. ಆದರೆ ಅವರು ಯಾಕೆ ಬೇಕಾದರು ಅನ್ನುವುದು ನನಗೆ ಅರ್ಥವಾಗುತ್ತದೆ.

ಇನ್ನು ಅಭಿಮಾನಿಯ ಕಡೆಯ ಅಪಾಯ. 2006ರಲ್ಲಿ ರಾಜ್‌ಕುಮಾರ್ ಅವರ ಅಂತಿಮ ದರ್ಶನಕ್ಕೆ ಬಂದ ಜನಸಾಗರಕ್ಕೆ ಅವರ ಮುಖ ಕಾಣದೆ ಹೋದದ್ದೇ ದುಃಖವನ್ನು ಗಲಭೆಯಾಗಿಸಿತು. ಜೀವಗಳು ಹೋದವು. ಹದಿನೈದು ವರ್ಷದ ನಂತರ ಪುನೀತ್ ಅವರಿಗೆ ಕಂಠೀರವ ಕ್ರೀಡಾಂಗಣದಲ್ಲಿ ಲಕ್ಷಾಂತರ ಜನ ಸಾಲಿನಲ್ಲಿ ನಿಂತು, ಶಾಂತವಾಗಿ ವಿದಾಯ ಹೇಳಿದರು. ನೋಡಲು ಬಂದವರಿಗೆ ನೋಡಲು ದಾರಿ ಮಾಡಿಕೊಟ್ಟದ್ದು ಅಲ್ಲಿ ಕೆಲಸ ಮಾಡಿತು ಅಂತ ನನ್ನ ನಂಬಿಕೆ.

2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿ ಗ್ರಾಮದಲ್ಲಿ ಆದದ್ದು ನನ್ನ ನಿದ್ದೆ ಕೆಡಿಸಿದೆ. ನಟ ಯಶ್ ಅವರ ಹುಟ್ಟುಹಬ್ಬಕ್ಕೆ ರಾತ್ರಿ ಕಟೌಟ್ ನಿಲ್ಲಿಸುತ್ತಿದ್ದ ಮೂವರು ಹುಡುಗರು ವಿದ್ಯುತ್ ತಂತಿ ತಗುಲಿ ತೀರಿಕೊಂಡರು. ಯಶ್ ಹುಟ್ಟುಹಬ್ಬದ ದಿನವೇ ಆ ಊರಿಗೆ ಹೋದರು, ತಂದೆತಾಯಿಯರ ಎದುರು ಕೂತರು, ಹೀಗೆ ಅಭಿಮಾನ ತೋರಿಸಬೇಡಿ ಅಂತ ಎಲ್ಲರನ್ನೂ ಕೇಳಿಕೊಂಡರು. ಅವರು ಹೋದದ್ದು ದೊಡ್ಡದು. ಆದರೆ ಆ ಮೂವರು ಬದುಕಿದ್ದಾಗ ಎಂದಾದರೂ ಅವರನ್ನು ಎದುರಿಗೆ ಕಂಡಿದ್ದರೇ? ತನ್ನ ಊರಿನ ದಾರಿಯಲ್ಲಿ ತನ್ನ ನಾಯಕ ನಿಂತಿರಲಿ, ಹಾದುಹೋಗುವವರೆಲ್ಲ ನೋಡಲಿ ಅನ್ನುವುದು ಹುಡುಗರ ಆಸೆ. ಆ ಆಸೆ ನನಗೆ ಪರಕೀಯವಲ್ಲ. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಇಂಥ ಹುಡುಗರು ಪ್ರತಿ ವರ್ಷ ಇದ್ದರು. ಶಾಲೆಯಲ್ಲಿ ಯಾರೂ ಹೆಸರು ಹಿಡಿದು ಕರೆಯದವರು, ಹಾಜರಿಯಲ್ಲಿ ಮಾತ್ರ ಹೆಸರಿದ್ದವರು. ಅಭಿಮಾನಿ ಸಂಘದ ಬ್ಯಾನರಿನ ಕೆಳಗಡೆ ಸಣ್ಣ ಅಕ್ಷರದಲ್ಲಿ, ಸಾಲಾಗಿ, ಪಾಸ್‌ಪೋರ್ಟ್ ಅಳತೆಯ ಫೋಟೊ ಜೊತೆ ಹೆಸರು ಬರೆಸುತ್ತಾರಲ್ಲ, ಅದನ್ನು ಕಂಡು ಮೂಗು ಮುರಿಯುವವರಿದ್ದಾರೆ. ನಾನು ಆ ಹೆಸರುಗಳನ್ನು ನಿಂತು ಓದುತ್ತೇನೆ. ಕೆಲವೊಮ್ಮೆ ನನ್ನ ವಿದ್ಯಾರ್ಥಿಗಳು ಸಿಗುತ್ತಾರೆ.

ಈಗ ಎಲ್ಲರ ಕೈಯಲ್ಲೂ ಫೋನಿದೆ. ಆಟೋಗ್ರಾಫ್ ಪುಸ್ತಕ ಅಂಗಡಿಯಲ್ಲಿ ಕೇಳಿದರೆ ಹುಡುಕಿಕೊಡಬೇಕು. ನಾನು ಹಳೆಯ ಕಾಲವನ್ನು ಹೊಗಳಲು ಬಂದಿಲ್ಲ, ಆದರೆ ಒಂದು ವ್ಯತ್ಯಾಸ ಹೇಳುತ್ತೇನೆ. ಸಹಿ ಹಾಕುವವರು ಪುಸ್ತಕ ಕೈಗೆ ತೆಗೆದುಕೊಂಡು ತಲೆ ಎತ್ತಿ "ಹೆಸರೇನು?" ಅಂತ ಕೇಳಬೇಕಾಗುತ್ತಿತ್ತು. ಇಂಥವರಿಗೆ ಪ್ರೀತಿಯಿಂದ ಅಂತ ಬರೆಯಲು ಹೆಸರು ಬೇಕಲ್ಲ. ಆ ಒಂದು ಕ್ಷಣ ಅವರು ನಿಮ್ಮ ಹೆಸರನ್ನು ಬಾಯಲ್ಲಿ ಆಡಿ, ಕೈಯಲ್ಲಿ ಬರೆಯುತ್ತಿದ್ದರು. ಸೆಲ್ಫಿಯಲ್ಲಿ ಇಬ್ಬರೂ ಒಂದೇ ಕಡೆ ನೋಡುತ್ತಾರೆ, ಫೋನಿನ ಕಡೆ. ಬೆನ್ನು ತಿರುಗಿಸಿ ನಿಂತು ಫೋನು ಎತ್ತಿ, ಒಂದು ಮಾತೂ ಆಡದೆ ಕ್ಲಿಕ್ಕಿಸಿ ಹೋಗುವವರನ್ನು ಮದುವೆ ಮನೆಗಳಲ್ಲಿ ನೋಡಿದ್ದೇನೆ. ಫೋಟೊ ಸಿಕ್ಕಿತು, ಭೇಟಿ ಆಗಲೇ ಇಲ್ಲ. ಇಲ್ಲಿ ಕಣ್ಣೆತ್ತಿ ನೋಡದವರು ಅಭಿಮಾನಿಗಳು. ಆ ಕಲಾವಿದರ ಮುಖ ಮುದುಡಿದರೆ ಅವರನ್ನು ಸಿಡುಕರು ಅನ್ನುವುದು ನ್ಯಾಯವಲ್ಲ.

2017ರಲ್ಲಿ ಒಂದು ಫೋಟೊ ಎಲ್ಲ ಕಡೆ ಓಡಾಡಿತು. ಕ್ರಿಕೆಟಿಗ ರಾಹುಲ್ ದ್ರಾವಿಡ್ ತಮ್ಮ ಮಕ್ಕಳನ್ನು ಕರೆದುಕೊಂಡು ವಿಜ್ಞಾನ ಪ್ರದರ್ಶನಕ್ಕೆ ಹೋಗಿ, ಉಳಿದ ತಂದೆತಾಯಿಯರ ಜೊತೆ ಸಾಲಿನಲ್ಲಿ ನಿಂತದ್ದು. ನೋಡಿ ಎಷ್ಟು ಸರಳ ಅಂತ ಎಲ್ಲರೂ ಕೊಂಡಾಡಿದರು. ನನ್ನ ಕಣ್ಣು ಹೋದದ್ದು ಅವರ ಹಿಂದೆ ಮುಂದೆ ನಿಂತವರ ಕಡೆಗೆ. ದ್ರಾವಿಡ್ ಅವರಿಗೆ ಅವತ್ತು ಬರೀ ತಂದೆಯಾಗಿ ನಿಲ್ಲಲು ಬಿಟ್ಟವರು ಅವರು. ಹತ್ತಿರದಲ್ಲೇ ಇದ್ದೂ ಮುಗಿಬೀಳದೆ, ಅವರ ಪಾಡಿಗೆ ಅವರನ್ನು ಬಿಡುವುದು ಕೂಡ ಅಭಿಮಾನವೇ. ಬೆಂಗಳೂರಿನ ಬಸವನಗುಡಿಯಲ್ಲಿ ಸಾಹಿತಿ ಮಾಸ್ತಿಯವರು ದಿನಾ ಕ್ಲಬ್ಬಿಗೆ ನಡೆದು ಹೋಗುತ್ತಿದ್ದ ಕಾಲದಲ್ಲಿ, ಮೈಸೂರಿನ ಬೀದಿಗಳಲ್ಲಿ ಕಾದಂಬರಿಕಾರ ಆರ್.ಕೆ. ನಾರಾಯಣ್ ವಾಕಿಂಗ್ ಹೋಗುತ್ತಿದ್ದ ಕಾಲದಲ್ಲಿ, ಆ ಬೀದಿಯವರಿಗೆ ಇದು ಗೊತ್ತಿತ್ತು. ನಮಸ್ಕಾರ ಹೇಳುವುದು, ದಾರಿ ಬಿಡುವುದು.

ನಾನು ಕೂತಿರುವುದು ಆಕಾಶವಾಣಿಯ ಸ್ಟುಡಿಯೋದಲ್ಲಿ, ಹಾಗಾಗಿ ರೇಡಿಯೋದವರ ಒಂದು ಪ್ರಸಂಗ ಹೇಳದೆ ಹೋಗಲಾರೆ. ಅಮೀನ್ ಸಯಾನಿಯವರ ದನಿ ನನ್ನ ವಯಸ್ಸಿನವರಿಗೆಲ್ಲ ಗೊತ್ತು. 1952ರ ಡಿಸೆಂಬರಿನಲ್ಲಿ ರೇಡಿಯೋ ಸಿಲೋನಿನಿಂದ 'ಬಿನಾಕಾ ಗೀತಮಾಲಾ' ಅನ್ನುವ ಹಾಡಿನ ಕಾರ್ಯಕ್ರಮ ಶುರು ಮಾಡಿದವರು, ಮೂಟೆಗಟ್ಟಲೆ ಪತ್ರ ಪಡೆದವರು, ಕೇಳುಗರನ್ನು ಅಕ್ಕ ತಂಗಿ ಅಣ್ಣ ತಮ್ಮಂದಿರೇ ಅಂತ ಕರೆದವರು. ಸ್ನೇಹಕ್ಕೇ ಇನ್ನೊಂದು ಹೆಸರು ಅವರು. ಅವರೇ ಮುಂದೆ ಹೇಳಿಕೊಂಡ ಕತೆ: ಅರವತ್ತರ ದಶಕದ ಕೊನೆಯಲ್ಲಿ ಒಬ್ಬ ತೆಳ್ಳಗಿನ ಯುವಕ ಧ್ವನಿ ಪರೀಕ್ಷೆಗೆಂದು ಅವರ ಸ್ಟುಡಿಯೋಕ್ಕೆ ಬಂದ. ಮೊದಲೇ ಸಮಯ ಕೇಳಿಕೊಂಡಿರಲಿಲ್ಲ. ವಾರಕ್ಕೆ ಇಪ್ಪತ್ತರಷ್ಟು ಕಾರ್ಯಕ್ರಮ ತಯಾರಿಸುತ್ತಿದ್ದ ಸಯಾನಿಯವರಿಗೆ ಪುರುಸೊತ್ತಿರಲಿಲ್ಲ, ನೋಡದೆ ಕಳುಹಿಸಿಬಿಟ್ಟರು. ಆ ಯುವಕ ಅಮಿತಾಭ್ ಬಚ್ಚನ್. ಎಲ್ಲರೂ ಇದನ್ನು ಬಚ್ಚನ್ ಅವರ ಕತೆಯಾಗಿ ಹೇಳುತ್ತಾರೆ, ಸೋಲಿನಿಂದ ಗೆಲುವಿಗೆ ಹೋದ ಕತೆಯಾಗಿ. ನನಗೆ ಅದು ಸಯಾನಿಯವರ ಕತೆ. ಲಕ್ಷಾಂತರ ಜನರನ್ನು ತಮ್ಮವರೆಂದು ಕರೆದ ಮನುಷ್ಯನಿಗೂ ಒಂದು ದಿನ ಬಾಗಿಲಲ್ಲಿದ್ದವರನ್ನು ನೋಡಲಾಗಲಿಲ್ಲ. ಅದನ್ನು ಮುಚ್ಚಿಡದೆ ಹೇಳಿಕೊಂಡರಲ್ಲ, ಅದಕ್ಕೆ ನಾನು ಕೈ ಮುಗಿಯುತ್ತೇನೆ.

ಕೊನೆಗೆ ನನ್ನ ಬದುಕಿನ ಮೊದಲ ತಾರೆಯ ಮಾತು. 1965. ನನಗೆ ಎಂಟು ವರ್ಷ. ನಂಜನಗೂಡಿನ ದೊಡ್ಡಜಾತ್ರೆಗೆ ಒಂದು ನಾಟಕ ಕಂಪನಿ ಕ್ಯಾಂಪು ಹಾಕಿತ್ತು. ಅಪ್ಪನದು ಪೇಟೆಬೀದಿಯಲ್ಲಿ ಕಾಫಿಪುಡಿ ಅಂಗಡಿ. ಕಂಪನಿಯ ಹಾಸ್ಯಪಾತ್ರದವರು ದಿನಾ ಬೆಳಗ್ಗೆ ಪುಡಿ ತೆಗೆದುಕೊಳ್ಳಲು ಬರುತ್ತಿದ್ದರು. ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ರಾತ್ರಿಯ ಬಣ್ಣ ಇನ್ನೂ ಅಂಟಿಕೊಂಡಿರುತ್ತಿತ್ತು. ನಾನು ಗಲ್ಲಾಪೆಟ್ಟಿಗೆಯ ಹಿಂದೆ ಅಡಗಿ ನೋಡುತ್ತಿದ್ದೆ. ಒಂದು ದಿನ ಅವರು ನನ್ನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು, "ಏನು ಪುಟ್ಟಿ, ನಿನ್ನ ಹೆಸರು?" ಅಂದರು. ನನಗೆ ಬಾಯಿ ಬರಲಿಲ್ಲ. ಅಪ್ಪ ಹೇಳಿದರು. "ನಿನ್ನೆ ನಾಟಕಕ್ಕೆ ಬಂದಿದ್ಯಾ? ಎಲ್ಲಿ ನಗು ಬಂತು ನಿಂಗೆ?" ಅಂದರು. "ಕೊಡೆ ಮುರಿದಾಗ" ಅಂದೆ. ಅವರು ಬಹಳ ದೊಡ್ಡ ವಿಷಯ ಕೇಳಿದವರ ಹಾಗೆ ತಲೆ ಆಡಿಸಿ, ಪುಡಿಯ ಪೊಟ್ಟಣ ತೆಗೆದುಕೊಂಡು ಹೋದರು.

ಅವತ್ತು ರಾತ್ರಿ ಅಮ್ಮನ ಜೊತೆ ಮತ್ತೆ ಹೋಗಿದ್ದೆ, ಮುಂದಿನ ಚಾಪೆ. ಕೊಡೆಯ ದೃಶ್ಯ ಬಂತು. ಕಡ್ಡಿ ಮುರಿಯಿತು. ಅವರು ಮುರಿದ ಕೊಡೆ ಎತ್ತಿ ಹಿಡಿದು, ರಂಗದ ತುದಿಗೆ ಬಂದು, ಇದರ ರಿಪೇರಿಗೆ ದುಡ್ಡು ಯಾರ ಹತ್ರ ಕೇಳಲಿ, ಕಾಫಿಪುಡಿ ಅಂಗಡಿ ಯಜಮಾನಿಯನ್ನೇ ಕೇಳಬೇಕು ಅಂತ ನನ್ನ ಹೆಸರು ಹಿಡಿದು ಕೂಗಿದರು. ಇಡೀ ಡೇರೆ ನಕ್ಕಿತು. ಅಷ್ಟು ಜನರ ಮಧ್ಯೆ, ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ, ಅವರು ನನ್ನನ್ನು ಹುಡುಕಿ ನೋಡಿದರು.

ಮರುದಿನ ಬೆಳಗ್ಗೆ ಅವರು ಬರುವ ಹೊತ್ತಿಗೆ ತಲೆ ಬಾಚಿಕೊಂಡು, ಅಂಗಡಿಯ ಮುಂದೆಯೇ ನಿಂತಿದ್ದೆ. ಜಾತ್ರೆ ಮುಗಿದು ಕಂಪನಿ ಮುಂದಿನ ಊರಿಗೆ ಹೋಯಿತು. ಅವರ ಹೆಸರು ಏನಂತ ನಾನು ಕೇಳಲೇ ಇಲ್ಲ.